ವ್ಯಾಲರಂಟ್‌ನ ಎರಡು ಅಂಗಡಿ: ಕ್ರೆಡಿಟ್ ಯಾವಾಗ ಸುರಿಯಬೇಕು, ರೂಪಾಯಿ ಯಾವಾಗ ಹಿಡಿಯಬೇಕು

ವ್ಯಾಲರಂಟ್ ಎಂಬ ಆನ್‌ಲೈನ್ ಶೂಟಿಂಗ್ ಆಟಕ್ಕೆ ಹೊಸದಾಗಿ ಬಂದವರ ದೂರು ಹೆಚ್ಚುಕಡಿಮೆ ಒಂದೇ: "ಎದುರಿನವರ ಕೈಯಲ್ಲಿ ಯಾವಾಗ ನೋಡಿದರೂ ದೊಡ್ಡ ಗನ್ ಇರುತ್ತೆ, ನನ್ನ ಹತ್ತಿರ ಪಿಸ್ತೂಲು." ಗುರಿ ಹಿಡಿಯುವುದು ಕಷ್ಟ, ಅದು ನಿಜ. ಆದರೆ ಈ ದೂರಿಗೂ ಗುರಿಗೂ ಸಂಬಂಧ ಕಡಿಮೆ. ಎದುರಿನವರು ಹಿಂದಿನ ರೌಂಡ್‌ನಲ್ಲಿ ದುಡ್ಡು ಹಿಡಿದಿಟ್ಟುಕೊಂಡರು, ನೀವು ಖರ್ಚು ಮಾಡಿದಿರಿ. ಅಷ್ಟೇ.

ಈ ಆಟದಲ್ಲಿ ಎರಡು ಅಂಗಡಿ ಇವೆ. ಒಂದು, ಪ್ರತಿ ರೌಂಡ್‌ಗೆ ಮೊದಲು ತೆರೆಯುವ ಅಂಗಡಿ. ಅಲ್ಲಿ ಆಟದೊಳಗೆ ಗಳಿಸಿದ ಕ್ರೆಡಿಟ್ ಮಾತ್ರ ನಡೆಯುತ್ತದೆ. ಪಂದ್ಯ ಮುಗಿದರೆ ಕ್ರೆಡಿಟ್ಟೂ ಮುಗಿಯಿತು. ಇನ್ನೊಂದು, ಮುಖ್ಯ ಪರದೆಯಲ್ಲಿರುವ ಸ್ಟೋರ್. ಅಲ್ಲಿ ನಿಜವಾದ ದುಡ್ಡು ಕೊಟ್ಟು ಗನ್ ಅಂದಗಾಣಿಸುವ ಸ್ಕಿನ್ ಕೊಳ್ಳುತ್ತಾರೆ. ಪಂದ್ಯದ ಗೆಲುವು ಮೊದಲನೇ ಅಂಗಡಿಯಲ್ಲಿದೆ. ಎರಡನೆಯದರಲ್ಲಿ ಇರುವುದು ಅಂದ ಮಾತ್ರ. ಹೊಸಬರು ಎರಡನೇ ಅಂಗಡಿಯನ್ನು ಗಂಟೆಗಟ್ಟಲೆ ನೋಡುತ್ತಾರೆ, ಮೊದಲನೆಯದನ್ನು ಮೂರು ಸೆಕೆಂಡಲ್ಲಿ ಮುಗಿಸುತ್ತಾರೆ. ಈ ಬರಹದಲ್ಲಿ ಅದನ್ನು ತಿರುವುಮುರುವು ಮಾಡೋಣ.

ಬೆಲೆಗಳ ಬಗ್ಗೆ ಒಂದು ಮಾತು. ರಾಯಟ್ ಗೇಮ್ಸ್ 2020ರ ಜೂನ್‌ನಲ್ಲಿ ಆಟ ಬಿಡುಗಡೆ ಮಾಡಿದ ಮೇಲೆ ಕೆಲವು ಗನ್‌ಗಳ ಬೆಲೆ ಏರಿದೆ, ಕೆಲವು ಇಳಿದಿದೆ. ಇಲ್ಲಿ ಕೊಟ್ಟ ಅಂಕಿಗೂ ನಿಮ್ಮ ಪರದೆಯ ಅಂಕಿಗೂ ವ್ಯತ್ಯಾಸ ಕಂಡರೆ ಪರದೆಯನ್ನೇ ನಂಬಿ. ಲೆಕ್ಕ ಹಾಕುವ ರೀತಿ ಮಾತ್ರ ಬದಲಾಗುವುದಿಲ್ಲ.

ಮೊದಲು ಆದಾಯ ಗೊತ್ತಿರಲಿ

ಐವರ ಎರಡು ತಂಡ. 13 ರೌಂಡ್ ಮೊದಲು ಗೆದ್ದವರಿಗೆ ಪಂದ್ಯ. 12 ರೌಂಡ್ ಆದ ಮೇಲೆ ದಾಳಿ ಮಾಡುವವರು ಕಾಯುವವರಾಗುತ್ತಾರೆ, ಕಾಯುವವರು ದಾಳಿಗೆ ಹೋಗುತ್ತಾರೆ. ಅರ್ಧದ ಮೊದಲ ರೌಂಡ್‌ನಲ್ಲಿ ಎಲ್ಲರಿಗೂ 800 ಕ್ರೆಡಿಟ್.

ಆಮೇಲೆ ಬರುವ ದುಡ್ಡು ಹೀಗೆ: ರೌಂಡ್ ಗೆದ್ದರೆ 3000. ಸೋತರೂ ಬರಿಗೈ ಇಲ್ಲ. ಮೊದಲ ಸೋಲಿಗೆ 1900, ಸತತ ಎರಡನೇ ಸೋಲಿಗೆ 2400, ಮೂರನೆಯದಕ್ಕೂ ಮುಂದಿನವಕ್ಕೂ 2900. ಇದಕ್ಕೆ ಲಾಸ್ ಬೋನಸ್ ಅನ್ನುತ್ತಾರೆ. ನಡುವೆ ಒಂದು ರೌಂಡ್ ಗೆದ್ದರೆ ಈ ಎಣಿಕೆ ಮತ್ತೆ ಮೊದಲಿಂದ ಶುರು. ಒಬ್ಬನನ್ನು ಹೊಡೆದರೆ 200, ಸ್ಪೈಕ್ (ದಾಳಿ ಮಾಡುವವರು ನೆಡುವ ಬಾಂಬ್) ನೆಟ್ಟರೆ 300. ಕೈಯಲ್ಲಿ 9000ಕ್ಕಿಂತ ಜಾಸ್ತಿ ಇಟ್ಟುಕೊಳ್ಳಲು ಆಗುವುದಿಲ್ಲ. ಆದ್ದರಿಂದ ಅತಿ ಜಿಪುಣತನವೂ ಇಲ್ಲಿ ನಷ್ಟವೇ.

ಕೌಂಟರ್ ಸ್ಟ್ರೈಕ್ ಆಡಿ ಬಂದವರಿಗೆ ಒಂದು ಎಚ್ಚರಿಕೆ. ಅಲ್ಲಿ ಯಾವ ಗನ್‌ನಿಂದ ಹೊಡೆದಿರಿ ಅನ್ನುವುದರ ಮೇಲೆ ಬಹುಮಾನ ಬದಲಾಗುತ್ತದೆ. ಇಲ್ಲಿ ಹಾಗಿಲ್ಲ. ಯಾವುದರಿಂದ ಹೊಡೆದರೂ 200.

ಒಂದೇ ಒಂದು ಗುರಿ ಅಂಕಿ: 3900

ಫ್ಯಾಂಟಮ್, ವ್ಯಾಂಡಲ್ ಎಂಬ ರೈಫಲ್‌ಗಳು ತಲಾ 2900. ಗುಂಡಿನ ಪೆಟ್ಟು ತಡೆಯುವ ಹೆವಿ ಶೀಲ್ಡ್ 1000. ರೈಫಲ್ ಜೊತೆ ಪೂರ್ತಿ ಶೀಲ್ಡ್ ಬೇಕೆಂದರೆ 3900 ಬೇಕು. ಇದಕ್ಕೆ ಫುಲ್ ಬೈ ಅನ್ನುತ್ತಾರೆ. ಏಜೆಂಟ್‌ನ (ನೀವು ಆಡುವ ಪಾತ್ರದ) ಅಬಿಲಿಟಿಗಳಿಗೆ, ಅಂದರೆ ವಿಶೇಷ ಶಕ್ತಿಗಳಿಗೆ, ಮೇಲೆ ಇನ್ನೊಂದಿಷ್ಟು ಇದ್ದರೆ ಒಳ್ಳೆಯದು. ಕೈಯಲ್ಲಿರುವುದು 3900 ಮುಟ್ಟದಿದ್ದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈಗ ಖರ್ಚು ಮಾಡಿ, ಈ ರೌಂಡ್ ಸೋತರೆ, ಮುಂದಿನ ರೌಂಡ್‌ನಲ್ಲಿ 3900 ಇರುತ್ತಾ?

ಉತ್ತರ ಬಾಯಿಲೆಕ್ಕದಲ್ಲೇ ಸಿಗುತ್ತದೆ.

- ನೀವು ಈಗಷ್ಟೇ ಗೆದ್ದಿದ್ದೀರಿ. ಈ ರೌಂಡ್ ಸೋತರೆ ಬರುವುದು 1900. ಹಾಗಾದರೆ ಕೈಯಲ್ಲಿ 2000 ಉಳಿಯಬೇಕು.
- ಒಂದು ರೌಂಡ್ ಸೋತಿದ್ದೀರಿ. ಇದೂ ಹೋದರೆ 2400 ಬರುತ್ತದೆ. 1500 ಉಳಿಸಿ.
- ಸತತ ಎರಡು ಅಥವಾ ಹೆಚ್ಚು ಸೋತಿದ್ದೀರಿ. ಇದೂ ಹೋದರೆ 2900. 1000 ಉಳಿಸಿದರೆ ಸಾಕು.

ಖರೀದಿ ಪರದೆಯಲ್ಲೇ "ಮುಂದಿನ ರೌಂಡ್‌ನಲ್ಲಿ ಕನಿಷ್ಠ ಇಷ್ಟು" ಎಂದು ಆಟವೇ ಒಂದು ಅಂಕಿ ತೋರಿಸುತ್ತದೆ. ನೀವು ಏನಾದರೂ ಕೊಂಡ ತಕ್ಷಣ ಅದು ಇಳಿಯುತ್ತದೆ. 3900ರ ಕೆಳಗೆ ಇಳಿಯಿತಾ? ಕೊಂಡದ್ದನ್ನು ವಾಪಸ್ ಮಾರಿಬಿಡಿ. ಅದೇ ಖರೀದಿ ಸಮಯದೊಳಗೆ ಮಾರಿದರೆ ಪೂರ್ತಿ ಬೆಲೆ ವಾಪಸ್ ಬರುತ್ತದೆ. ಆಟದಲ್ಲಿ ಇಷ್ಟು ಉಪಯೋಗದ ಅಂಕಿ ಇನ್ನೊಂದಿಲ್ಲ, ಆದರೂ ಅದನ್ನು ನೋಡುವವರು ಕಡಿಮೆ.

ಮೊದಲ ಮೂರು ರೌಂಡ್ ಹೇಗೆ ಕೊಳ್ಳಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಅರ್ಧ ಪಂದ್ಯದ ದಿಕ್ಕು ಈ ಮೂರು ರೌಂಡ್‌ನಲ್ಲೇ ತೀರ್ಮಾನವಾಗುತ್ತದೆ.

ಒಂದನೇ ರೌಂಡ್, ಕೈಯಲ್ಲಿ 800. ಉಚಿತವಾಗಿ ಸಿಗುವ ಕ್ಲಾಸಿಕ್ ಪಿಸ್ತೂಲು ಇದ್ದೇ ಇದೆ. 500ಕ್ಕೆ ಘೋಸ್ಟ್ ಪಿಸ್ತೂಲು ತಗೊಂಡು ಉಳಿದ 300ಕ್ಕೆ ಅಬಿಲಿಟಿ ಕೊಳ್ಳಬಹುದು. ಇಲ್ಲವಾದರೆ 400ಕ್ಕೆ ಲೈಟ್ ಶೀಲ್ಡ್, ಉಳಿದ 400ಕ್ಕೆ ಅಬಿಲಿಟಿ. ಎರಡರಲ್ಲಿ ಯಾವುದು? ಘೋಸ್ಟ್‌ನಿಂದ ತಲೆಗೆ ಬಿದ್ದ ಗುಂಡು 30 ಮೀಟರ್ ಒಳಗೆ 105 ಪೆಟ್ಟು ಕೊಡುತ್ತದೆ. ಶೀಲ್ಡ್ ಇಲ್ಲದವನ ಜೀವಬಲ 100. ಅವನು ಒಂದೇ ಗುಂಡಿಗೆ ಬೀಳುತ್ತಾನೆ. ಲೈಟ್ ಶೀಲ್ಡ್ ಇದ್ದವನಿಗೆ 125 ಇರುತ್ತದೆ, ಅವನು ಉಳಿಯುತ್ತಾನೆ. ತಲೆಗೆ ಹೊಡೆಯುವ ನಂಬಿಕೆ ಇದ್ದವರು ಘೋಸ್ಟ್ ತಗೊಳ್ಳಿ. ಇಲ್ಲದವರಿಗೆ ಶೀಲ್ಡ್ ಒಳ್ಳೆಯದು. ಹೊಸಬರು ಪೂರ್ತಿ 800 ಕೊಟ್ಟು ಶೆರಿಫ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅದು ಒಂದೊಂದೇ ಗುಂಡು ಎಣಿಸಿ ಹೊಡೆಯುವವರ ಗನ್.

ಎರಡನೇ ರೌಂಡ್. ನೀವು ಮೊದಲನೆಯದನ್ನು ಗೆದ್ದಿದ್ದರೆ 3000 ಬಂದಿದೆ, ಹೊಡೆದಿದ್ದರ ಚಿಲ್ಲರೆ ಬೇರೆ. ವ್ಯಾಂಡಲ್‌ಗೆ ಆಸೆ ಪಡಬೇಡಿ. 1600ಕ್ಕೆ ಸ್ಪೆಕ್ಟರ್ ಗನ್, 1000ಕ್ಕೆ ಹೆವಿ ಶೀಲ್ಡ್, ಒಟ್ಟು 2600. ಉಳಿದದ್ದು ಅಬಿಲಿಟಿಗೆ. ಎದುರಿನವರ ಕೈಯಲ್ಲಿ ಬಹುಪಾಲು ಪಿಸ್ತೂಲೇ ಇರುತ್ತದೆ. ಅವರ ಹತ್ತಿರಕ್ಕೆ ನುಗ್ಗಿ ಹೋಗುವ ಚಪಲ ಬೇಡ, ದೂರ ಕಾಯ್ದುಕೊಂಡು ಆಡಿ.

ಸೋತಿದ್ದರೆ? 1900 ಬಂದಿದೆ. ಇಲ್ಲೇ ಎಲ್ಲರೂ ಎಡವುವುದು. 1900ನ್ನೂ ಸುರಿದು ಸ್ಪೆಕ್ಟರ್ ಕೊಂಡಿರಿ ಅಂತಿಟ್ಟುಕೊಳ್ಳಿ. ಸೋತರೆ ಮೂರನೇ ರೌಂಡ್‌ಗೆ ಕೈಯಲ್ಲಿ 2400 ಚಿಲ್ಲರೆ. ವ್ಯಾಂಡಲ್ ಒಂದಕ್ಕೇ 2900 ಬೇಕು. ಅಂದರೆ ಮೂರನೇ ರೌಂಡೂ ಹೆಚ್ಚುಕಡಿಮೆ ಕೈಬಿಟ್ಟಂತೆ. ಅದೇ 1900ರಲ್ಲಿ 1500 ಉಳಿಸಿ, 400ಕ್ಕೆ ಮಾತ್ರ ಒಂದು ಲೈಟ್ ಶೀಲ್ಡ್ ತಗೊಂಡರೆ, ಸೋತರೂ 1500ಕ್ಕೆ 2400 ಸೇರಿ ಸರಿಯಾಗಿ 3900 ಆಗುತ್ತದೆ. ಮೊದಲ ರೌಂಡ್‌ನಲ್ಲಿ ಸ್ಪೈಕ್ ನೆಟ್ಟು 300 ಗಳಿಸಿದ್ದರೆ ಇನ್ನೂ ಸಲೀಸು. 700ರವರೆಗೆ ಖರ್ಚು ಮಾಡಬಹುದು.

ಹೀಗೆ ದುಡ್ಡು ಹಿಡಿದು ಆಡುವ ರೌಂಡ್‌ಗೆ ಎಕೋ ಅನ್ನುತ್ತಾರೆ. ಇದ್ದಬದ್ದದ್ದನ್ನೆಲ್ಲ ಸುರಿಯುವುದಕ್ಕೆ ಫೋರ್ಸ್ ಅನ್ನುತ್ತಾರೆ. ಫೋರ್ಸ್ ಮಾಡಬಾರದು ಅಂತೇನಿಲ್ಲ. ಐವರೂ ಒಟ್ಟಿಗೆ ಮಾಡಿದರೆ ಅದಕ್ಕೊಂದು ಅರ್ಥ ಇದೆ. ಇಬ್ಬರು ಫೋರ್ಸ್, ಮೂವರು ಎಕೋ ಮಾಡಿದರೆ ಈ ರೌಂಡೂ ಹೋಯಿತು, ಮುಂದಿನದೂ ಹೋಯಿತು. ಕೆಳಗಿನ ರ‍್ಯಾಂಕ್‌ಗಳಲ್ಲಿ ದಿನಾ ಕಾಣುವ ದೃಶ್ಯ ಇದು.

ಮೂರನೇ ರೌಂಡ್. ಮೊದಲೆರಡು ಗೆದ್ದವರಿಗೆ ಒಂದು ಸೂಕ್ಷ್ಮ ಇದೆ. ಎದುರಿನವರು ಈಗ ರೈಫಲ್ ಕೊಳ್ಳುತ್ತಾರೆ ಅಂತ ನಿಮಗೆ ಗೊತ್ತು. ಆದರೂ ಹಳೆಯ ಸ್ಪೆಕ್ಟರ್ ಬದುಕುಳಿದಿದ್ದರೆ ಅದನ್ನೇ ಇಟ್ಟುಕೊಂಡು, ಸುಮಾರು 3000 ಜೇಬಲ್ಲಿ ಹಿಡಿದು ಆಡಿ. ಇದು ಬೋನಸ್ ರೌಂಡ್. ಗೆದ್ದರೆ ಎದುರಿನವರ ಫುಲ್ ಬೈ ಮಣ್ಣುಪಾಲು. ಸೋತರೂ 1900 ಸೇರಿ ನಾಲ್ಕನೇ ರೌಂಡ್‌ಗೆ 4900 ದಾಟುತ್ತದೆ. ತಂಡ ಒಪ್ಪಿದರೆ ಮಾತ್ರ ಇದನ್ನು ಮಾಡಿ.

ಖರೀದಿಯ 30 ಸೆಕೆಂಡ್

ಅರ್ಧದ ಮೊದಲ ರೌಂಡ್ ಬಿಟ್ಟರೆ ಖರೀದಿಗೆ ಸಿಗುವುದು 30 ಸೆಕೆಂಡ್. ಸಾಕಷ್ಟು ಸಮಯ, ಕ್ರಮ ಗೊತ್ತಿದ್ದರೆ.

ಮೊದಲು ತಂಡದ ಉಳಿದ ನಾಲ್ವರ ಕ್ರೆಡಿಟ್ ನೋಡಿ. ನಿಮ್ಮ ಹತ್ತಿರ 6000 ಇದ್ದು ಮೂವರ ಹತ್ತಿರ 2000 ಇದ್ದರೆ ನೀವು ಶ್ರೀಮಂತರಲ್ಲ, ನಿಮ್ಮ ತಂಡ ಬಡವ. ಆಗ ಮಾತಾಡಿ. ಮೈಕ್ ಇಲ್ಲದಿದ್ದರೆ ಚಾಟ್‌ನಲ್ಲಿ "ಸೇವ್" ಅಥವಾ "ಬೈ" ಎಂದು ಒಂದು ಪದ ಹಾಕಿದರೂ ಸಾಕು.

ಎರಡನೆಯದು ಶೀಲ್ಡ್. ಅದನ್ನು ಇನ್ನೊಬ್ಬರಿಗೆ ಕೊಳ್ಳಲು ಆಗುವುದಿಲ್ಲ, ಅವರವರದ್ದು ಅವರೇ ಕೊಳ್ಳಬೇಕು. ಗನ್ ಹಾಗಲ್ಲ. ನೀವು ಕೊಂಡು ನೆಲಕ್ಕೆ ಹಾಕಿದರೆ ಜೊತೆಯವರು ಎತ್ತಿಕೊಳ್ಳಬಹುದು. ಬೇಕಾದ ಗನ್ ಮೇಲೆ ಬಲ ಕ್ಲಿಕ್ ಒತ್ತಿದರೆ ತಂಡಕ್ಕೆ ನಿಮ್ಮ ಕೋರಿಕೆ ಹೋಗುತ್ತದೆ, ದುಡ್ಡಿರುವವರು ಅಲ್ಲಿಂದಲೇ ಕೊಡಿಸಬಹುದು. ಆದ್ದರಿಂದ 2900 ಇದ್ದವನು ಶೀಲ್ಡ್ ಮತ್ತು ಅಬಿಲಿಟಿ ಕೊಂಡು ಗನ್ ಕೇಳಿ ಪಡೆಯುವುದೇ ಜಾಣತನ. ಕೇಳಲು ನಾಚಿಕೆ ಬೇಡ. ಕೊಟ್ಟವರಿಗೆ ಒಂದು ಥ್ಯಾಂಕ್ಸ್ ಹೇಳಿ, ಸಾಕು.

ಮೂರನೆಯದು ಅಬಿಲಿಟಿ. ಬಳಸದೆ ಉಳಿದ ಅಬಿಲಿಟಿ ನೀವು ಸತ್ತರೂ ಮುಂದಿನ ರೌಂಡ್‌ಗೆ ಉಳಿಯುತ್ತದೆ. ಗನ್ ಹೋಗುತ್ತದೆ. ಇದನ್ನು ತಿಳಿದವರು ಎಕೋ ರೌಂಡ್‌ನಲ್ಲಿ ಉಳಿದ ಪುಡಿಗಾಸಿಗೆ ಅಬಿಲಿಟಿ ಕೊಂಡಿಡುತ್ತಾರೆ. ಏಜೆಂಟ್‌ನ ಅತಿ ದೊಡ್ಡ ಶಕ್ತಿಯಾದ ಅಲ್ಟಿಮೇಟ್‌ಗಂತೂ ಕ್ರೆಡಿಟ್ ಬೇಕಿಲ್ಲ, ಅದಕ್ಕೆ ಬೇರೆ ಪಾಯಿಂಟ್ ಲೆಕ್ಕ. ಏಜೆಂಟ್‌ಗಳಾದ ಜೆಟ್‌ನ ಚಾಕುಗಳು, ಚೇಂಬರ್‌ನ ಸ್ನೈಪರ್ ಇವೆಲ್ಲ ಅಲ್ಟಿಮೇಟ್‌ನಲ್ಲಿ ಪುಕ್ಕಟೆ ಬರುವ ಆಯುಧಗಳು. ಅವು ಸಿದ್ಧವಾಗಿರುವಾಗ ಗನ್ ಕೊಳ್ಳದೆ ಎಕೋ ರೌಂಡ್ ಗೆಲ್ಲುವ ಅವಕಾಶ ಇದೆ.

ಗನ್ ಆಯ್ಕೆಯ ಬಗ್ಗೆ ಮುಗಿಯದ ಜಗಳ ಫ್ಯಾಂಟಮ್ಮಾ ವ್ಯಾಂಡಲ್ಲಾ ಅನ್ನುವುದು. ವ್ಯಾಂಡಲ್ ಎಷ್ಟೇ ದೂರದಿಂದ ತಲೆಗೆ ಬಿದ್ದರೂ ಹೆವಿ ಶೀಲ್ಡ್ ಇದ್ದವನನ್ನು ಒಂದೇ ಗುಂಡಿಗೆ ಬೀಳಿಸುತ್ತದೆ. ಫ್ಯಾಂಟಮ್‌ಗೆ ಹತ್ತಿರದಿಂದ ಮಾತ್ರ ಅದು ಸಾಧ್ಯ. ಆದರೆ ಫ್ಯಾಂಟಮ್‌ನಲ್ಲಿ 30 ಗುಂಡು, ವ್ಯಾಂಡಲ್‌ನಲ್ಲಿ 25. ಫ್ಯಾಂಟಮ್ ಕೈಯಲ್ಲಿ ಕಡಿಮೆ ಕುಣಿಯುತ್ತದೆ. ಹೊಸಬರಿಗೆ ನನ್ನ ಮತ ಫ್ಯಾಂಟಮ್‌ಗೆ. ಹೊಗೆಯ ನಡುವೆ ಅಂದಾಜಿಗೆ ಹೊಡೆಯುವವರಿಗೆ ಆ ಐದು ಗುಂಡು ತುಂಬಾ ಬೆಲೆಬಾಳುತ್ತದೆ. ಆಪರೇಟರ್ ಎಂಬ ಸ್ನೈಪರ್ 4700. ಶೀಲ್ಡ್ ಸೇರಿ 5700. ಅದನ್ನು ಹಿಡಿದು ಮೊದಲ ಹತ್ತು ಸೆಕೆಂಡಲ್ಲೇ ಸಾಯುವ ಅಭ್ಯಾಸ ಇದ್ದರೆ ತಂಡದ ಮೇಲೆ ದಯೆ ಇಡಿ.

ಎಕೋ ರೌಂಡ್‌ಗೆ ಶೆರಿಫ್ ಮಾತ್ರ ಚೆನ್ನಾಗಿ ಹೊಂದುತ್ತದೆ. 800ಕ್ಕೆ ಸಿಗುತ್ತದೆ, 30 ಮೀಟರ್ ಒಳಗೆ ತಲೆಗೆ ಬಿದ್ದರೆ ಹೆವಿ ಶೀಲ್ಡ್ ಇದ್ದವನೂ ಉಳಿಯುವುದಿಲ್ಲ. ಅವನ ರೈಫಲ್ ನಿಮ್ಮದಾಗುತ್ತದೆ.

ಓಡಿಹೋಗಿ ಬದುಕುವುದು ಯಾವಾಗ ಲಾಭ

ಈ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸ್ಪೈಕ್ ನೆಡದೆ ಸಮಯ ಮುಗಿದು ಸೋತಾಗ ಬದುಕಿದ್ದ ದಾಳಿಕಾರನಿಗೆ ಲಾಸ್ ಬೋನಸ್ ಪೂರ್ತಿ ಸಿಗುವುದಿಲ್ಲ, ಬರೀ 1000 ಸಿಗುತ್ತದೆ. ಸ್ಪೈಕ್ ಸಿಡಿದಾಗ ದೂರದಲ್ಲಿ ಅಡಗಿ ಬದುಕಿದ್ದ ಕಾವಲುಗಾರನಿಗೂ ಅಷ್ಟೇ. ಗನ್ ಉಳಿಸಿಕೊಂಡದ್ದಕ್ಕೆ ಆಟ ಹಾಕುವ ದಂಡ ಇದು.

ಹಾಗಾದರೆ ಲೆಕ್ಕ ಹಾಕಿ. ಕೈಯಲ್ಲಿ ವ್ಯಾಂಡಲ್ ಇದೆ, ಇದು ಮೂರನೇ ಸೋಲು. ಸತ್ತರೆ 2900 ಬರುತ್ತದೆ. ಬದುಕಿದರೆ 1000 ಮತ್ತು 2900ರ ಗನ್, ಒಟ್ಟು 3900. ಬದುಕುವುದೇ ಲಾಭ. ಮೊದಲ ಸೋಲಾದರೆ ಲಾಭ ಇನ್ನೂ ಜಾಸ್ತಿ. ಆದರೆ ಕೈಯಲ್ಲಿ ಬರೀ ಕ್ಲಾಸಿಕ್ ಇದ್ದರೆ? ಅಡಗಿ ಬದುಕಿದರೆ 1000, ನುಗ್ಗಿ ಸತ್ತರೆ 1900ರಿಂದ 2900. ಪಿಸ್ತೂಲು ಹಿಡಿದು ಮೂಲೆಯಲ್ಲಿ ಕುಳಿತವನು ದುಡ್ಡು ಕಳೆದುಕೊಳ್ಳುತ್ತಿದ್ದಾನೆ. ಹೋಗಿ ಒಬ್ಬನನ್ನಾದರೂ ಹೊಡೆಯಲಿ, 200 ಬರುತ್ತದೆ.

ಹಿಡಿದಿಟ್ಟ ದುಡ್ಡಿಗೆ ಬೆಲೆ ಇಲ್ಲದ ಸಂದರ್ಭಗಳೂ ಇವೆ. 12ನೇ ರೌಂಡ್ ಮುಗಿದ ಮೇಲೆ ಎಲ್ಲರ ಜೇಬೂ ಮತ್ತೆ 800. ಆದ್ದರಿಂದ 12ನೇ ರೌಂಡ್‌ನಲ್ಲಿ ಒಂದು ಕ್ರೆಡಿಟ್ ಉಳಿಸಿದರೂ ವ್ಯರ್ಥ. ಎದುರಿನವರು 12 ರೌಂಡ್ ಗೆದ್ದಿದ್ದರೆ ನಿಮಗೆ ನಾಳೆ ಅನ್ನುವುದೇ ಇಲ್ಲ, ಇದ್ದದ್ದೆಲ್ಲ ಸುರಿಯಿರಿ. 12-12 ಆಗಿ ಹೆಚ್ಚುವರಿ ಆಟಕ್ಕೆ ಹೋದರೆ ಪ್ರತಿ ರೌಂಡ್‌ಗೂ 5000 ಸಿಗುತ್ತದೆ, ಅಲ್ಲಿ ಉಳಿತಾಯದ ಪ್ರಶ್ನೆಯೇ ಇಲ್ಲ.

ಆಟದ ಕಷ್ಟವನ್ನು ನೀವೇ ಹಂತ ಮಾಡಿಕೊಳ್ಳಿ

ಒಬ್ಬರೇ ಆಡುವ ಆಟಗಳಲ್ಲಿ ಸುಲಭ, ಮಧ್ಯಮ, ಕಠಿಣ ಅಂತ ಒಂದು ಬಟನ್ ಇರುತ್ತದೆ. ಇಲ್ಲಿ ಎದುರಿಗಿರುವವರು ಮನುಷ್ಯರು. ಆ ಬಟನ್ ಇರುವುದು ರೇಂಜ್‌ನಲ್ಲಿ ಮಾತ್ರ, ಅಂದರೆ ಅಭ್ಯಾಸದ ಅಂಗಳದಲ್ಲಿ. ಅಲ್ಲಿ ಬಾಟ್‌ಗಳಿಗೆ (ಕಂಪ್ಯೂಟರ್ ಗೊಂಬೆಗಳಿಗೆ) ಮೂರು ಮಟ್ಟ ಇವೆ. ಸುಲಭದಲ್ಲಿ ಸರಾಗವಾಗಿ ಹೊಡೆಯುವವರೆಗೆ ಮಧ್ಯಮಕ್ಕೆ ಹೋಗಬೇಡಿ. ಕಠಿಣ ಮಟ್ಟ ಎಷ್ಟೋ ಒಳ್ಳೆಯ ಆಟಗಾರರಿಗೂ ಬೆವರಿಳಿಸುತ್ತದೆ. ಅದಕ್ಕೆ ಬೇಸರ ಪಡಬೇಕಿಲ್ಲ.

ರೇಂಜ್ ಆದ ಮೇಲೆ ಡೆತ್‌ಮ್ಯಾಚ್. ಅಲ್ಲಿ ಖರೀದಿಯ ತಲೆನೋವಿಲ್ಲ, ಬರೀ ಗುರಿ. ಸ್ವಿಫ್ಟ್‌ಪ್ಲೇ ಚಿಕ್ಕದು, ಮಜಾ ಇದೆ. ಆದರೆ ಅಲ್ಲಿ ಪ್ರತಿ ರೌಂಡ್‌ಗೂ ನಿಗದಿತ ಕ್ರೆಡಿಟ್ ಕೊಡುತ್ತಾರೆ, ಹಾಗಾಗಿ ಮೇಲೆ ಹೇಳಿದ ಲೆಕ್ಕ ಕಲಿಯಲು ಅದು ಉಪಯೋಗಕ್ಕೆ ಬಾರದು. ಲೆಕ್ಕ ಕಲಿಯಬೇಕಾದ ಜಾಗ ಅನ್‌ರೇಟೆಡ್, ಅಂದರೆ ರ‍್ಯಾಂಕ್ ಲೆಕ್ಕವಿಲ್ಲದ ಪಂದ್ಯ. ರ‍್ಯಾಂಕ್ ಲೆಕ್ಕವಿರುವ ಕಾಂಪಿಟಿಟಿವ್ ತೆರೆಯಲು ಹೇಗೂ ಖಾತೆ 20ನೇ ಲೆವೆಲ್ ಮುಟ್ಟಬೇಕು. ಅಷ್ಟರೊಳಗೆ ಎಕೋ ಮತ್ತು ಫುಲ್ ಬೈ ನಿಮಗೆ ರೂಢಿಯಾಗಿರಬೇಕು.

ಕಾಂಪಿಟಿಟಿವ್‌ನಲ್ಲಿ ಐರನ್‌ನಿಂದ ರೇಡಿಯಂಟ್‌ವರೆಗೆ ಒಂಬತ್ತು ರ‍್ಯಾಂಕ್. ರೇಡಿಯಂಟ್ ಬಿಟ್ಟು ಉಳಿದ ಎಂಟಕ್ಕೂ ಮೂರು ಮೂರು ಮೆಟ್ಟಿಲು. ಪರದೆಯಲ್ಲಿ ಕಾಣುವ ರ‍್ಯಾಂಕ್ ಒಂದು, ಒಳಗೆ ಆಟ ಇಟ್ಟುಕೊಳ್ಳುವ ಅಂದಾಜು ಇನ್ನೊಂದು. ಎದುರಾಳಿಯನ್ನು ಹುಡುಕುವುದು ಆ ಒಳಗಿನ ಅಂದಾಜಿನಿಂದ. ನೀವು ಚೆನ್ನಾಗಿ ಆಡಿದಷ್ಟೂ ಎದುರಾಳಿ ಗಟ್ಟಿಯಾಗುತ್ತಾರೆ. ಆದ್ದರಿಂದ "ನಾನು ಸುಧಾರಿಸಿದರೂ ಆಟ ಸುಲಭವಾಗುತ್ತಿಲ್ಲ" ಅನ್ನಿಸುವುದು ಸಹಜ. ಹಾಗೆ ಅನ್ನಿಸಿದರೆ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಲೆಕ್ಕ. ಇನ್ನೊಂದು, ಕಾಂಪಿಟಿಟಿವ್‌ಗೆ ನಾಲ್ವರ ಗುಂಪು ಹೋಗಲು ಆಗುವುದಿಲ್ಲ. ಮೂವರೊಳಗೆ ಇರಿ, ಇಲ್ಲವೇ ಐವರಾಗಿ ಹೋಗಿ. ನಾಲ್ವರ ಗುಂಪಿಗೆ ಬಿಡದಿರುವುದು ಐದನೆಯವನಿಗೆ ಮಾಡಿದ ಉಪಕಾರ.

ಏಜೆಂಟ್ ಆಯ್ಕೆಯಿಂದಲೂ ಕಷ್ಟ ತಗ್ಗಿಸಬಹುದು. ಶುರುವಿನಲ್ಲೇ ಸಿಗುವವರಲ್ಲಿ ಸೇಜ್, ಬ್ರಿಮ್‌ಸ್ಟೋನ್ ಇಬ್ಬರೂ ಹೊಸಬರಿಗೆ ಹೊಂದುತ್ತಾರೆ. ಸೇಜ್‌ಗೆ ಗಾಯ ಮಾಯಿಸುವ ಶಕ್ತಿ ಪ್ರತಿ ರೌಂಡ್‌ಗೂ ಉಚಿತ. ಎಕೋದಲ್ಲೂ ಅವಳು ತಂಡಕ್ಕೆ ಬೇಕಾದವಳು. ಜೆಟ್ ನೋಡಲು ಚೆಂದ, ಆಡಿ ಸಾಯಲು ಸುಲಭ.

ನೆಟ್‌ವರ್ಕ್‌ನ ಕಷ್ಟ ಬೇರೆ. ಭಾರತದ ಸರ್ವರ್ ಮುಂಬೈಯಲ್ಲಿದೆ. ಪಿಂಗ್ (ಸರ್ವರ್ ಉತ್ತರಿಸಲು ಹಿಡಿಯುವ ಸಮಯ) ಕಡಿಮೆ ತೋರಿಸುವ ಸರ್ವರ್ ಆರಿಸಿ. ವೈಫೈಗಿಂತ ಕೇಬಲ್ ಒಳ್ಳೆಯದು. ಕರೆಂಟ್ ಕೈಕೊಡುವ ಊರಾದರೆ ಕಂಪ್ಯೂಟರ್ ಜೊತೆ ರೂಟರ್‌ಗೂ ಯುಪಿಎಸ್ ಕೊಡಿ. ಪಂದ್ಯದ ನಡುವೆ ಹೊರಬಿದ್ದರೆ ಕಾರಣ ಕರೆಂಟೋ ಸಿಟ್ಟೋ ಅಂತ ಆಟ ಕೇಳುವುದಿಲ್ಲ, ಶಿಕ್ಷೆ ಕೊಡುತ್ತದೆ. ಅಮೆರಿಕದಲ್ಲಿರುವ ಅಣ್ಣನ ಜೊತೆ ಬೆಂಗಳೂರಿನಿಂದ ಆಡುವ ಆಸೆ ಇದ್ದರೆ ಕಷ್ಟ. ಇಬ್ಬರ ಖಾತೆಯ ಪ್ರದೇಶ ಬೇರೆ ಬೇರೆಯಾದರೆ ಒಂದೇ ಪಂದ್ಯಕ್ಕೆ ಸೇರಲು ಬರುವುದಿಲ್ಲ.

ಈಗ ಎರಡನೇ ಅಂಗಡಿ

ಇಲ್ಲಿ ಸಿಗುವುದು ಸ್ಕಿನ್, ಅಂದರೆ ಗನ್‌ನ ಹೊರರೂಪ. ದುಬಾರಿ ವ್ಯಾಂಡಲ್ ಸ್ಕಿನ್‌ಗೂ ಪುಕ್ಕಟೆ ವ್ಯಾಂಡಲ್‌ಗೂ ಪೆಟ್ಟಿನಲ್ಲಿ ಒಂದು ಅಂಕಿಯೂ ವ್ಯತ್ಯಾಸ ಇಲ್ಲ. ಎಲ್ಲ ಆಟಗಳೂ ಹೀಗಿರುವುದಿಲ್ಲ. ಫ್ರೀ ಫೈರ್‌ನಲ್ಲಿ ಕೆಲವು ಗನ್ ಸ್ಕಿನ್‌ಗಳು ಗನ್‌ನ ಗುಣವನ್ನೇ ಏರಿಳಿಸುತ್ತವೆ. ಕ್ಲಾಷ್ ಆಫ್ ಕ್ಲಾನ್ಸ್‌ನಲ್ಲಿ ದುಡ್ಡು ಕೊಟ್ಟರೆ ಕಾಯುವ ಸಮಯ ಕಡಿಮೆಯಾಗುತ್ತದೆ. ಯಾವುದೇ ಹೊಸ ಆಟದ ಸ್ಟೋರ್ ತೆರೆದಾಗ ಮೊದಲು ಇದನ್ನೇ ನೋಡಿ: ಇಲ್ಲಿ ಮಾರುತ್ತಿರುವುದು ಅಂದವೋ, ಸಮಯವೋ, ಬಲವೋ? ಬಲ ಮಾರುವ ಆಟದಲ್ಲಿ ಎಷ್ಟು ಕೊಟ್ಟರೂ ನಿಮಗಿಂತ ಜಾಸ್ತಿ ಕೊಟ್ಟವನು ಒಬ್ಬ ಇರುತ್ತಾನೆ.

ವ್ಯಾಲರಂಟ್‌ನ ದುಡ್ಡಿನ ಹೆಸರು ವ್ಯಾಲರಂಟ್ ಪಾಯಿಂಟ್, ಚಿಕ್ಕದಾಗಿ ವಿಪಿ. ರೂಪಾಯಿ ಕೊಟ್ಟು ವಿಪಿ ಪ್ಯಾಕ್ ಕೊಳ್ಳಬೇಕು, ವಿಪಿ ಕೊಟ್ಟು ಸ್ಕಿನ್. ನಡುವೆ ಈ ಪಾಯಿಂಟ್ ಯಾಕೆ? ರೂಪಾಯಿ ಕಣ್ಣಿಗೆ ಕಾಣಬಾರದು ಅಂತ. ಅದಕ್ಕೆ ನೀವು ಮಾಡಬೇಕಾದ್ದು ಇಷ್ಟೇ: ಪ್ಯಾಕ್‌ನ ರೂಪಾಯಿ ಬೆಲೆಯನ್ನು ಅದರಲ್ಲಿರುವ ವಿಪಿಯಿಂದ ಭಾಗಿಸಿ. ಒಂದು ವಿಪಿಗೆ ಎಷ್ಟು ಅಂತ ಬಂತು. ಸ್ಕಿನ್‌ನ ವಿಪಿ ಬೆಲೆಗೆ ಅದನ್ನು ಗುಣಿಸಿ, ಆ ರೂಪಾಯಿಯನ್ನು ಕಾಗದದ ಮೇಲೆ ಬರೆದು ನೋಡಿ. ಆಮೇಲೂ ಬೇಕು ಅನ್ನಿಸಿದರೆ ಕೊಳ್ಳಿ.

ಪ್ಯಾಕ್‌ನ ಅಳತೆಯೂ ಸ್ಕಿನ್‌ನ ಬೆಲೆಯೂ ಬಹಳ ಸಲ ಹೊಂದುವುದಿಲ್ಲ. ಸ್ವಲ್ಪ ವಿಪಿ ಮಿಕ್ಕೇ ಮಿಗುತ್ತದೆ. ಆ ಮಿಕ್ಕಿದ್ದನ್ನು "ವ್ಯರ್ಥ ಮಾಡಬಾರದು" ಅಂತ ಇನ್ನೊಂದು ಪ್ಯಾಕ್ ಕೊಳ್ಳುವವರಿದ್ದಾರೆ. ಮಿಕ್ಕಿದ್ದು ಅಲ್ಲೇ ಇರಲಿ ಬಿಡಿ.

ಸ್ಕಿನ್‌ಗಳ ಮಟ್ಟ ಹೀಗಿದೆ: ಸೆಲೆಕ್ಟ್ 875, ಡೀಲಕ್ಸ್ 1275, ಪ್ರೀಮಿಯಂ 1775, ಅಲ್ಟ್ರಾ 2475 ವಿಪಿ. ಎಕ್ಸ್‌ಕ್ಲೂಸಿವ್ ಬೆಲೆ ಒಂದೊಂದಕ್ಕೆ ಒಂದೊಂದು. ಪ್ರೀಮಿಯಂ ಚಾಕು ಬಿಡಿಯಾಗಿ 3550. ಪ್ರೀಮಿಯಂ ಬಂಡಲ್ (ನಾಲ್ಕು ಗನ್, ಒಂದು ಚಾಕುವಿನ ಸ್ಕಿನ್‌ಗಳ ಕಟ್ಟು) ಸಾಮಾನ್ಯವಾಗಿ 7100. ಈ 7100 ಎಲ್ಲಿಂದ ಬಂತು? ನಾಲ್ಕು ಗನ್‌ಗೆ 1775ರಂತೆ ಲೆಕ್ಕ ಹಾಕಿ, ಸರಿಯಾಗಿ 7100. ಅಂದರೆ ಚಾಕು ಪುಕ್ಕಟೆ ಕೊಟ್ಟ ಹಾಗೆ ಕಾಣುತ್ತದೆ. ನಾಲ್ಕೂ ಗನ್ ನೀವು ಆಡುವಂಥವೇ ಆದರೆ ಬಂಡಲ್ ನಿಜಕ್ಕೂ ಲಾಭ. ಆದರೆ ಬಂಡಲ್‌ನಲ್ಲಿ ನೀವು ಆಡುವ ಗನ್ ಒಂದೋ ಎರಡೋ ಇರುತ್ತದೆ. ಉಳಿದವು ನೀವು ವರ್ಷಕ್ಕೊಮ್ಮೆ ಮುಟ್ಟುವ ಶಾಟ್‌ಗನ್, ಮಷಿನ್ ಗನ್. ಆಗ ಬಿಡಿಯಾಗಿ ಒಂದೇ ಕೊಳ್ಳುವುದು ಅಗ್ಗ.

ಸ್ಕಿನ್‌ನ ಹೊಡೆತದ ಶಬ್ದ, ಮೆರುಗು, ಬೇರೆ ಬಣ್ಣ ಇವೆಲ್ಲ ಕೊಂಡ ತಕ್ಷಣ ಸಿಗುವುದಿಲ್ಲ. ಅವುಗಳನ್ನು ತೆರೆಯಲು ರೇಡಿಯನೈಟ್ ಅನ್ನುವ ಇನ್ನೊಂದು ಪಾಯಿಂಟ್ ಬೇಕು. ವಿಡಿಯೊದಲ್ಲಿ ನೋಡಿ ಮನಸೋತ ಸ್ಕಿನ್, ನಿಮ್ಮ ಕೈಗೆ ಬಂದಾಗ ಬೋಳು ಬೋಳಾಗಿ ಕಾಣುವುದು ಇದಕ್ಕೇ. ಕೊಳ್ಳುವ ಮುಂಚೆ ಸ್ಟೋರ್‌ನ ನೋಟದಲ್ಲಿ ಯಾವ ಹಂತಕ್ಕೆ ಎಷ್ಟು ರೇಡಿಯನೈಟ್ ಅಂತ ನೋಡಿಕೊಳ್ಳಿ.

ದಿನದ ಅಂಗಡಿಯಲ್ಲಿ ನಾಲ್ಕು ಸ್ಕಿನ್ ಬರುತ್ತವೆ, 24 ಗಂಟೆಗೆ ಬದಲಾಗುತ್ತವೆ. ಇವತ್ತು ಹೋದದ್ದು ಯಾವಾಗ ಮರಳಿ ಬರುತ್ತದೆ ಅಂತ ಹೇಳಲಾಗದು. ಆದರೆ ಮರಳಿ ಬರುತ್ತದೆ. ಬಾರದೇ ಇರುವುದು ಬ್ಯಾಟಲ್ ಪಾಸ್‌ನ (ಆಡಿ ಮೆಟ್ಟಿಲೇರಿದಂತೆ ಬಹುಮಾನ ಕೊಡುವ ಪಾಸ್) ಸ್ಕಿನ್‌ಗಳು ಮತ್ತು ಚಾಂಪಿಯನ್ಸ್ ಟೂರ್ನಿಯ ಬಂಡಲ್‌ನಂಥ ಕೆಲವು. ಆಗಾಗ ನೈಟ್ ಮಾರ್ಕೆಟ್ ಅಂತ ತೆರೆಯುತ್ತದೆ. ಆರು ಕಾರ್ಡ್, ಆರಕ್ಕೂ ರಿಯಾಯಿತಿ, ಒಬ್ಬೊಬ್ಬರಿಗೆ ಬೇರೆ ಬೇರೆ. ಸ್ಕಿನ್ ಬೇಕೇಬೇಕು ಅನ್ನುವವರು ವಿಪಿ ಕೊಳ್ಳದೆ ಅದಕ್ಕೆ ಕಾಯಿರಿ. ಮೊದಲೇ ವಿಪಿ ತುಂಬಿಸಿಟ್ಟರೆ ಆರರಲ್ಲಿ ಒಂದನ್ನು ಕೊಳ್ಳಲೇಬೇಕು ಅನ್ನಿಸಿಬಿಡುತ್ತದೆ.

ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸರಕು ಬರುವುದು ಬ್ಯಾಟಲ್ ಪಾಸ್‌ನಲ್ಲಿ. 1000 ವಿಪಿ. ಇದಕ್ಕೊಂದು ಸರಳ ಉಪಾಯ ಇದೆ: ಶುರುವಿನಲ್ಲಿ ಕೊಳ್ಳಬೇಡಿ. ಸುಮ್ನೆ ಆಡುತ್ತಾ ಹೋಗಿ. ಅವಧಿ ಮುಗಿಯುವ ಕೊನೆಯ ವಾರ, ಎಷ್ಟು ಮೆಟ್ಟಿಲು ಏರಿದ್ದೀರಿ ನೋಡಿ. ಆಗ ಕೊಂಡರೂ ಅಲ್ಲಿವರೆಗಿನ ಎಲ್ಲ ಬಹುಮಾನ ಒಟ್ಟಿಗೆ ಸಿಗುತ್ತದೆ. ಅರ್ಧಕ್ಕೇ ನಿಂತಿದ್ದರೆ ದುಡ್ಡು ಉಳಿಯಿತು.

ಏಜೆಂಟ್‌ಗಳಿಗೆ ವಿಪಿ ಕೊಡಬೇಡಿ. ಆಡುತ್ತಾ ಸಿಗುವ ಕಿಂಗ್‌ಡಮ್ ಕ್ರೆಡಿಟ್‌ನಿಂದಲೇ ಅವರನ್ನು ತೆರೆಯಬಹುದು. ಅದಕ್ಕೂ 10,000ದ ಮಿತಿ ಇದೆ, ತುಂಬುವ ಮುಂಚೆ ಬಳಸಿ. ಇನ್ನು ಸ್ಕಿನ್ ಇಲ್ಲದವರಿಗೆ ಒಂದು ಸಮಾಧಾನ: ಸ್ಕಿನ್ ಇದ್ದವರು ಕೊಂಡು ನಿಮಗೆ ಹಾಕಿದ ಗನ್ ಅದೇ ರೂಪದಲ್ಲಿ ನಿಮ್ಮ ಕೈಗೆ ಬರುತ್ತದೆ. ಕೇಳಿ ನೋಡಿ, ಬಹಳ ಜನ ಖುಷಿಯಿಂದ ಕೊಡುತ್ತಾರೆ.

ದುಡ್ಡು ಕೊಡುವ ಮುಂಚೆ

ಸ್ಕಿನ್ ಆಸ್ತಿಯಲ್ಲ. ವ್ಯಾಲರಂಟ್‌ನಲ್ಲಿ ಅದನ್ನು ಇನ್ನೊಬ್ಬರಿಗೆ ಮಾರುವ ದಾರಿಯೇ ಇಲ್ಲ. ಮಾರಬಹುದಾದ ಕೌಂಟರ್ ಸ್ಟ್ರೈಕ್ 2ರಲ್ಲೂ 2025ರ ಅಕ್ಟೋಬರ್‌ನಲ್ಲಿ ಕಂಪನಿ ಒಂದು ನಿಯಮ ಬದಲಿಸಿದ್ದೇ ತಡ, ಚಾಕುಗಳ ಬೆಲೆ ಕುಸಿಯಿತು. ಆಟವೇ ಮಾಯವಾಗುವುದೂ ಉಂಟು. ಪಬ್ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ, ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ಭಾರತದಲ್ಲಿ ನಿಷೇಧವಾದವು. ಪಬ್ಜಿಯ ಭಾರತದ ರೂಪವಾದ ಬಿಜಿಎಂಐ 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಹೋಗಿ, ಮರಳಿದ್ದು 2023ರ ಮೇಯಲ್ಲಿ. ಆಟಕ್ಕೆ ಹಾಕುವ ದುಡ್ಡನ್ನು ಸಿನಿಮಾ ಟಿಕೆಟ್‌ನ ಹಾಗೆ ಲೆಕ್ಕಕ್ಕೆ ಹಿಡಿಯಿರಿ, ವಾಪಸ್ ಬರುವುದಿಲ್ಲ.

ವಿಪಿಯನ್ನು ಆಟದೊಳಗಿನ ಸ್ಟೋರ್‌ನಿಂದಲೇ ಕೊಳ್ಳಿ. "ಅರ್ಧ ಬೆಲೆಗೆ ವಿಪಿ" ಅನ್ನುವ ಟೆಲಿಗ್ರಾಮ್, ಇನ್‌ಸ್ಟಾಗ್ರಾಮ್ ಸಂದೇಶಗಳ ಹಿಂದೆ ಕದ್ದ ಕಾರ್ಡ್ ಇರಬಹುದು. ಆಗ ಖಾತೆ ಬಂದ್ ಆಗುವುದು ನಿಮ್ಮದು. ರ‍್ಯಾಂಕ್ ಏರಿಸಿಕೊಡುತ್ತೇವೆ ಎನ್ನುವವರಿಗೆ ಪಾಸ್‌ವರ್ಡ್ ಕೊಟ್ಟರೆ ಖಾತೆಯನ್ನೇ ಕೊಟ್ಟಂತೆ. ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಸೋಲು ಗೆಲುವಿನ ಮೇಲೆ ಹಣ ಕಟ್ಟಿಸುವ ಗುಂಪುಗಳಿಂದ ದೂರ ಇರಿ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿದೆ. ಇ-ಸ್ಪೋರ್ಟ್ಸ್ ಅನ್ನು ಅದು ಬೇರೆಯಾಗಿ ಗುರುತಿಸಿದೆ.

ಮನೆಯಲ್ಲಿ ಮಕ್ಕಳು ಆಡುತ್ತಿದ್ದರೆ ಬ್ರೌಸರ್‌ನಲ್ಲಿ ಕಾರ್ಡ್ ಉಳಿಸಿಡಬೇಡಿ. ಫೋನ್‌ನಲ್ಲಿ ಆಡುವ ಆಟಗಳಾದರೆ ಪ್ಲೇ ಸ್ಟೋರ್‌ನ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಯುಪಿಐ ಪಿನ್ ಮಗನಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ.

ತಪ್ಪಿ ಕೊಂಡುಬಿಟ್ಟರೆ ಆ ಸ್ಕಿನ್ ಹಿಡಿದು ಒಂದು ಪಂದ್ಯವನ್ನೂ ಆಡಬೇಡಿ. ಬಳಸದ ಕೆಲವು ಸರಕನ್ನು ನಿಗದಿತ ದಿನಗಳೊಳಗೆ ರಾಯಟ್‌ನ ಸಪೋರ್ಟ್ ಪುಟದಲ್ಲಿ ವಾಪಸ್ ಮಾಡಬಹುದು. ಯಾವುದಕ್ಕೆ ವಾಪಸಾತಿ ಇದೆ ಅನ್ನುವುದು ಅಲ್ಲೇ ನಿಮ್ಮ ಖರೀದಿ ಪಟ್ಟಿಯ ಎದುರು ಕಾಣುತ್ತದೆ. ಮೋಸ ಹೋಗಿದ್ದರೆ ಮೊದಲು ಬ್ಯಾಂಕ್‌ಗೆ ಫೋನ್ ಮಾಡಿ, ತಕ್ಷಣವೇ 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಿ. ವಹಿವಾಟಿನ ಸಂಖ್ಯೆ, ಚಾಟ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಆ ಚಾಟ್ ಡಿಲೀಟ್ ಮಾಡಬೇಡಿ, ಎದುರಿನವನನ್ನು ಬ್ಲಾಕ್ ಮಾಡುವುದೂ ದೂರು ಕೊಟ್ಟ ಮೇಲೆ.